ಎಡಗಡೆ ಸೀಟಿನವಳು

ಇರಾನಿನ ಬಂದರ್ ಅಬ್ಬಾಸ್ ಬಿಟ್ಟು ಎರಡನೇ ದಿನ. ಶಿರಾಝ್ ಕಡೆಗೆ ಹೋಗುವ ದಾರಿ, ಅಲ್ಲಲ್ಲಿ ಎರಡೇ ಲೇನು. ಮುಂದೆ ಸಿಮೆಂಟ್ ಹೊತ್ತ ಲಾರಿಯೊಂದು ತೆವಳುತ್ತಿತ್ತು.

"ಏನೇ, ಹೋಗ್ಲಾ?" ಅಂದರು ಇವರು.

"ಊಹೂಂ" ಅಂದೆ ನಾನು.

ಇಂಜಿನ್ ಸದ್ದಿನಲ್ಲಿ ಇವರಿಗೆ ಕೇಳಿಸಿದ್ದು ಆ ಮಾತಿನ ಬಾಲ ಮಾತ್ರ, "ಹೂಂ". ಗಾಡಿ ಎಡಕ್ಕೆ ಹೊರಳಿತು. ಎದುರಿಗೆ ಬಸ್ಸು. ನಾನು ಕಿರುಚಿದ್ದು, ಇವರು ಬ್ರೇಕ್ ತುಳಿದು ಮತ್ತೆ ಲಾರಿಯ ಹಿಂದಕ್ಕೆ ಬಂದದ್ದು, ಬಸ್ಸು ಹಾರ್ನ್ ಎಳೆದುಕೊಂಡು ಪಕ್ಕದಲ್ಲೇ ಹಾದುಹೋದದ್ದು, ಎಲ್ಲ ಮುಗಿದ ಮೇಲೆ ರಸ್ತೆ ಪಕ್ಕ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕೂತೆವು. ಫ್ಲಾಸ್ಕಿನ ಚಹಾ ಕುಡಿದೆವು.

ನಮ್ಮ ಗಾಡಿ ಮಂಡ್ಯದ್ದು, ಸ್ಟಿಯರಿಂಗ್ ಬಲಗಡೆ. ಇರಾನಿನಿಂದ ಹಿಡಿದು ನಾವು ಹೋದ ದೇಶಗಳಲ್ಲೆಲ್ಲ ಗಾಡಿ ಓಡುವುದು ರಸ್ತೆಯ ಬಲಕ್ಕೆ. ಹಾಗಾಗಿ ಮುಂದಿನ ಲಾರಿಯನ್ನು ದಾಟಬೇಕಾದರೆ ಓಡಿಸುವವರಿಗೆ ಎದುರಿನ ರಸ್ತೆ ಕಾಣುವುದೇ ಇಲ್ಲ, ಕಾಣುವುದು ಎಡಗಡೆ ಕೂತವಳಿಗೆ. ಹೊರಡುವ ಮೊದಲು ವೀಸಾ, ವಿಮೆ, ಟೈರು, ಮಾತ್ರೆ ಎಲ್ಲದರ ಪಟ್ಟಿ ಮಾಡಿದ್ದ ನಾವು ಇದೊಂದನ್ನು ಯೋಚಿಸಿಯೇ ಇರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಹೌದು, ಇಲ್ಲ ಅನ್ನುವುದಕ್ಕೆ ಪದ ಹುಡುಕಬೇಕಾಗುತ್ತದೆ ಎಂದು ಯಾರಿಗೆ ಗೊತ್ತು?

"ಬನ್ನಿ", "ಬೇಡ" ಪ್ರಯತ್ನಿಸಿದೆವು. ಎರಡೂ ಬಕಾರ, ಗದ್ದಲದಲ್ಲಿ ಒಂದೇ. ಕೊನೆಗೆ ಉಳಿದದ್ದು ಒಂದೇ ಪದ: "ಖಾಲಿ". ಎದುರು ರಸ್ತೆ ತೆರವಾಗಿದ್ದರೆ ಮಾತ್ರ ನಾನು ಅದನ್ನು ಗಟ್ಟಿಯಾಗಿ ಹೇಳಬೇಕು. ನಾನು ಸುಮ್ಮನಿದ್ದರೆ ಹೋಗಬಾರದು ಎಂದರ್ಥ. ಇಲ್ಲ ಅನ್ನುವುದಕ್ಕೆ ಪದವೇ ಬೇಡ ಅಂದುಕೊಂಡ ಮೇಲೆ ಊರಿಗೆ ಮರಳುವವರೆಗೆ ಒಮ್ಮೆಯೂ ಎಡವಟ್ಟಾಗಲಿಲ್ಲ. ಬಲಗೈ ಸ್ಟಿಯರಿಂಗ್ ಗಾಡಿಯಲ್ಲಿ ಹೊರಡುವ ಜೋಡಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ವೀಸಾ ಕಥೆ ಆಮೇಲೆ.

ಇವರು ಕೆಎಸ್‌ಆರ್‌ಟಿಸಿ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವಳು, ನಾಲ್ಕು ವರ್ಷ ಮುಂಚೆಯೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಮಗಳ ಮದುವೆ ಆಗಿತ್ತು. ಗಾಡಿ ಹಳೆಯ ಡೀಸೆಲ್ ಜೀಪು. ಹೊಸದು ಕೊಳ್ಳೋಣ ಅಂದಾಗ ಇವರು ಒಪ್ಪಲಿಲ್ಲ. "ಸೆನ್ಸರ್ ಇರೋ ಗಾಡಿ ಕೆಟ್ರೆ ಲ್ಯಾಪ್‌ಟಾಪ್ ಇರೋನು ಬೇಕು, ಇದು ಕೆಟ್ರೆ ನಾನಿದೀನಿ" ಅಂದರು. ಆ ಮಾತು ತಜಿಕಿಸ್ತಾನದಲ್ಲಿ ನಿಜವಾಯಿತು.

ಅಟ್ಟಾರಿ ದಾಟಿ ಪಾಕಿಸ್ತಾನದ ಮೂಲಕ ಇರಾನಿಗೆ ಹೋಗುವ ದಾರಿ ನಮಗೆ ಇರಲಿಲ್ಲ. ಹಾಗಾಗಿ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಿಂದ ಕಂಟೇನರಿನಲ್ಲಿ ಗಾಡಿ ಕಳಿಸಿ, ನಾವು ವಿಮಾನದಲ್ಲಿ ಹೋದೆವು. ಇಪ್ಪತ್ತು ಅಡಿ ಕಂಟೇನರಿನ ಬಾಗಿಲ ಎತ್ತರ ಸುಮಾರು 2.28 ಮೀಟರ್. ಮೇಲಿನ ಟೆಂಟ್ ಸೇರಿ ನಮ್ಮ ಗಾಡಿ ಅದಕ್ಕಿಂತ ಎತ್ತರ. ಟೆಂಟ್ ಬಿಚ್ಚಿ ಹಿಂದೆ ತುರುಕಿ, ಟೈರಿನ ಗಾಳಿ ಅರ್ಧ ಇಳಿಸಿ, ಬ್ಯಾಟರಿ ವೈರ್ ತೆಗೆದು ಒಳಗೆ ನೂಕಿಸಿದ್ದಾಯಿತು. ಟೇಪು ಹಿಡಿದು ಮನೆಯಲ್ಲೇ ಅಳೆದಿದ್ದರೆ ಆ ಒಂದು ದಿನ ಉಳಿಯುತ್ತಿತ್ತು.

ಕಾರ್ನೆ ಅನ್ನುವುದು ಗಾಡಿಯ ಪಾಸ್‌ಪೋರ್ಟು. ಮುಂಬೈಯ ಆಟೊಮೊಬೈಲ್ ಅಸೋಸಿಯೇಷನ್ನಿನಲ್ಲಿ ಸಿಗುತ್ತದೆ, ಒಂದು ವರ್ಷದ ಅವಧಿ. ಪ್ರತಿ ಹಾಳೆಯಲ್ಲಿ ಮೂರು ಭಾಗ, ನಮ್ಮ ಬ್ಯಾಂಕಿನ ಹಳೆ ಚಲನ್ ನೆನೆಸಿಕೊಳ್ಳಿ. ದೇಶದೊಳಕ್ಕೆ ಹೋಗುವಾಗ ಒಂದು ಚೂರು ಹರಿದುಕೊಳ್ಳುತ್ತಾರೆ, ಹೊರಬರುವಾಗ ಇನ್ನೊಂದು, ಎರಡೂ ಮೊಹರು ಬಿದ್ದ ಬುಡ ನಮ್ಮ ಬಳಿ ಉಳಿಯುತ್ತದೆ. ಗಾಡಿಯನ್ನು ಅಲ್ಲೇ ಮಾರಿಬಿಡುವುದಿಲ್ಲ ಎಂಬುದಕ್ಕೆ ಬ್ಯಾಂಕ್ ಗ್ಯಾರಂಟಿ ಇಡಬೇಕು. ನಾವು ಇಟ್ಟದ್ದು ಆ ಹಳೇ ಜೀಪಿನ ಬೆಲೆಗಿಂತ ಹೆಚ್ಚು. ಹೊರಬರುವ ಮೊಹರು ಒಂದು ತಪ್ಪಿದರೂ ಆ ದುಡ್ಡಿಗೆ ಕುತ್ತು. ನಮ್ಮ ದಾರಿಯಲ್ಲಿ ಕಾರ್ನೆ ಕಡ್ಡಾಯವಾಗಿ ಬೇಕಾಗಿದ್ದದ್ದು ಇರಾನಿಗೆ. ಮುಂದಿನ ದೇಶಗಳಲ್ಲಿ ಗಡಿಯಲ್ಲೇ ತಾತ್ಕಾಲಿಕ ಚೀಟಿ ಬರೆದುಕೊಟ್ಟರು.

ನಮ್ಮ ಶಿಪ್ಪಿಂಗ್ ಏಜೆಂಟು ಕಾಗದದಲ್ಲಿ ಚಾಸಿ ನಂಬರಿನ ಒಂದು 8ನ್ನು 3 ಮಾಡಿ ಕಳಿಸಿದ್ದ. ಹದಿನೇಳು ಅಕ್ಷರದಲ್ಲಿ ಒಂದು. ಬಂದರ್ ಅಬ್ಬಾಸ್‌ನಲ್ಲಿ ಒಂಬತ್ತು ದಿನ ಗಾಡಿ ಕಣ್ಣೆದುರೇ ನಿಂತಿತ್ತು, ನಮ್ಮ ಕೈಗೆ ಬರಲಿಲ್ಲ. ಆಗ ಅಲ್ಲಿ ಶುಕ್ರವಾರ ರಜೆ, ಗುರುವಾರ ಅರ್ಧ, ನಮ್ಮ ಮುಂಬೈಯವರಿಗೆ ಶನಿವಾರ, ಭಾನುವಾರ ರಜೆ. ಎರಡೂ ಕಡೆ ಕಚೇರಿ ಪೂರ್ತಿ ತೆರೆದಿರುತ್ತಿದ್ದ ದಿನ ವಾರಕ್ಕೆ ಮೂರು. ಮಕ್ಕಳ ಉತ್ತರಪತ್ರಿಕೆ ಇಪ್ಪತ್ತೈದು ವರ್ಷ ತಿದ್ದಿದ ನಾನು ಆ ಕಾಗದವನ್ನು ಓದದೆ ಸಹಿ ಹಾಕಿದ್ದೆ. ಇವರು ಅದನ್ನು ಇವತ್ತಿಗೂ ಬಿಟ್ಟಿಲ್ಲ.

ಇರಾನಿನಲ್ಲಿ ನಮ್ಮ ಎಟಿಎಂ ಕಾರ್ಡು, ಯಾವ ವಿದೇಶಿ ಕಾರ್ಡೂ ನಡೆಯುತ್ತಿರಲಿಲ್ಲ, ನಿರ್ಬಂಧಗಳ ಕಾರಣಕ್ಕೆ. ಎರಡು ತಿಂಗಳ ಖರ್ಚನ್ನು ಡಾಲರಿನಲ್ಲಿ ಹೊತ್ತು ಹೋಗಿದ್ದೆವು. ನೋಟಿನಲ್ಲಿ ಅಚ್ಚಾಗಿರುವುದು ರಿಯಾಲ್, ಬಾಯಲ್ಲಿ ಹೇಳುವುದು ತೊಮಾನ್, ಹತ್ತು ರಿಯಾಲಿಗೆ ಒಂದು ತೊಮಾನ್. ಅದು ಒಂದು ವಾರದಲ್ಲಿ ಅಭ್ಯಾಸವಾಯಿತು. ಅಭ್ಯಾಸವಾಗದ್ದು ತಾರೊಫ್. ಅಂಗಡಿಯವನು ದುಡ್ಡು ಬೇಡ ಅನ್ನುತ್ತಾನೆ, ಅದು ಮರ್ಯಾದೆಯ ಮಾತು, ನಾವು ಎರಡು ಮೂರು ಸಲ ಒತ್ತಾಯ ಮಾಡಬೇಕು. ನಮ್ಮ ಕಡೆ ನೆಂಟರ ಮನೆಯಲ್ಲಿ "ಊಟ ಬೇಡ, ಈಗ ತಾನೇ ಆಯ್ತು" ಅನ್ನುವ ಆಟವೇ, ತಿರುಗುಮುರುಗಾಗಿ. ಇವರಿಗೆ ಮೊದಲ ದಿನ ತಿಳಿಯದೆ ಬ್ರೆಡ್ಡನ್ನು ಪುಕ್ಕಟೆ ತಂದೇಬಿಟ್ಟಿದ್ದರು. ನಾನು ವಾಪಸ್ ಕಳಿಸಿದೆ.

ಡೀಸೆಲ್ ಅಲ್ಲಿ ಅಗ್ಗ, ಆದರೆ ಪಂಪಿನಲ್ಲಿ ಕಾರ್ಡು ಕೇಳುತ್ತಾರೆ, ಆ ಕಾರ್ಡು ಇರುವುದು ಲಾರಿಯವರ ಹತ್ತಿರ. ಅಲ್ಲಿ ಸಣ್ಣ ಗಾಡಿಗಳೆಲ್ಲ ಪೆಟ್ರೋಲಿನವು. ಲಾರಿ ಡ್ರೈವರನ ಬಳಿ ಹೋಗಿ ಕೈಮುಗಿದು ಟ್ಯಾಂಕ್ ತೋರಿಸುವುದು ನನ್ನ ಕೆಲಸವಾಯಿತು. ಇವರು ಹೋದರೆ ಮಾತಿಗೆ ಮಾತು ಬೆಳೆಯುತ್ತಿತ್ತು, ನಾನು ಹೋದರೆ ಕಾರ್ಡು ಕೈಗೆ ಬರುತ್ತಿತ್ತು.

ಆ ವರ್ಷ, 2019ರ ಮಾರ್ಚ್ ಕೊನೆಯಲ್ಲಿ, ನವ್ರೋಜ್ ಹಬ್ಬದ ರಜೆ. ಇರಾನಿನ ಸಂಸಾರಗಳೆಲ್ಲ ಊರೂರಿನ ಪಾರ್ಕಿನಲ್ಲಿ ಡೇರೆ ಹಾಕಿಕೊಂಡು ಮಲಗುತ್ತವೆ. ಇಸ್ಫಹಾನಿನಲ್ಲಿ ನಾವೂ ಪಾರ್ಕಿನ ಪಕ್ಕ ಜೀಪು ನಿಲ್ಲಿಸಿದೆವು. ಬಿಸಿನೀರು ಕೇಳಲು ಹೋದವಳಿಗೆ ಒಂದು ತಟ್ಟೆ ಅನ್ನ, ಮೀನು, ಬೊಗಸೆ ತುಂಬ ಪಿಸ್ತಾ. ಮೀನು ಇವರಿಗೆ, ಪಿಸ್ತಾ ನನಗೆ. 25ನೇ ತಾರೀಖು ಶಿರಾಝ್‌ನಲ್ಲಿ ಹಠಾತ್ ನೆರೆ ಬಂದು ಊರ ಹೆಬ್ಬಾಗಿಲ ಬಳಿ ಕಾರುಗಳು ಕೊಚ್ಚಿಹೋದವು, ಜನ ಸತ್ತರು. ನಾಲ್ಕು ದಿನ ಮುಂಚೆ ನಾವು ಅದೇ ಬಾಗಿಲ ಹತ್ತಿರ ನಿಂತು ಫೋಟೊ ತೆಗೆಸಿಕೊಂಡಿದ್ದೆವು. ಮಗಳು ಫೋನಿನಲ್ಲಿ ಅತ್ತಳು. ಅವಳನ್ನು ಸಮಾಧಾನ ಮಾಡುತ್ತ ನಮಗೆ ನಮ್ಮ ಭಯ ಮರೆತುಹೋಯಿತು.

ಆರ್ಮೇನಿಯಾ, ಜಾರ್ಜಿಯಾ ಚೆಂದ. ಅಲ್ಲಿಗೆ ಎಲ್ಲರೂ ಹೋಗುತ್ತಾರೆ, ಬರೆಯುತ್ತಾರೆ. ಜಾರ್ಜಿಯಾದಲ್ಲಿ ಜಪಾನಿನಿಂದ ಬಂದ ಬಲಗೈ ಸ್ಟಿಯರಿಂಗ್ ಕಾರುಗಳು ಬೇಕಾದಷ್ಟು, ಹಾಗಾಗಿ ಅಲ್ಲಿ ಮಾತ್ರ ಪೊಲೀಸರು ನನ್ನ ಕಿಟಕಿಗೆ ಬಂದು ಲೈಸೆನ್ಸ್ ಕೇಳಲಿಲ್ಲ. ಉಳಿದ ಕಡೆಯೆಲ್ಲ ಎಡಗಡೆ ಬಂದು, ಸೆಲ್ಯೂಟ್ ಹೊಡೆದು, ನನ್ನ ಮುಂದೆ ಸ್ಟಿಯರಿಂಗ್ ಇಲ್ಲದ್ದು ಕಂಡು ತಬ್ಬಿಬ್ಬಾಗಿ ನಿಲ್ಲುವರು. ಹಣೆಯಲ್ಲಿ ಕುಂಕುಮ, ತೊಡೆ ಮೇಲೆ ಹುರಿಗಡಲೆ ಡಬ್ಬಿ. ಟೋಲ್ ಕಟ್ಟುವುದು, ಚೀಟಿ ಪಡೆಯುವುದು, ದಾರಿ ಕೇಳುವುದು ಎಲ್ಲ ಆ ಸೀಟಿನ ಪಾಲು.

ರಷ್ಯಾ ದಾಟಿ ಕಝಾಕಿಸ್ತಾನದ ಬಯಲಿಗೆ ಬಂದಾಗ ನಾನು ಸ್ಟಿಯರಿಂಗ್ ಹಿಡಿದೆ. ನೇರ ದಾರಿ, ಮೈಲಿಗಟ್ಟಲೆ ಒಂದು ಮರವಿಲ್ಲ, ಅಲ್ಲಲ್ಲಿ ಒಂಟೆ. ಇವರು ಎಡಗಡೆ ಕೂತರು. ಲಾರಿ ಹಿಂದೆ ಸಿಕ್ಕಿಕೊಂಡಾಗ ಕಾದೆ, ಕಾದೆ, "ಖಾಲಿ" ಬರಲೇ ಇಲ್ಲ. ತಿರುಗಿ ನೋಡಿದರೆ ಬಾಯಿ ತೆರೆದು ನಿದ್ದೆ. ಏಳಿಸಿದ ಮೇಲೆ ಇನ್ನೊಂದು ತಾಪತ್ರಯ: ರಸ್ತೆ ಬಿಟ್ಟು ಗೇರ್ ಬಗ್ಗೆ ಹೇಳುತ್ತಾರೆ. "ಥರ್ಡ್ ಹಾಕೇ, ಥರ್ಡ್!" ಎರಡು ದಿನದಲ್ಲಿ ಇವರೇ ಒಪ್ಪಿಕೊಂಡರು, ಆ ಸೀಟಿನ ಕೆಲಸ ತಮಗೆ ಒಗ್ಗುವುದಿಲ್ಲ ಎಂದು. ಸಂಜೆ ಕೇಳದೆಯೇ ಪಾತ್ರೆ ತೊಳೆದರು.

ಉಜ್ಬೇಕಿಸ್ತಾನದ ಗಡಿಯಲ್ಲಿ ಮಾತ್ರೆಗಳನ್ನು ಒಂದೊಂದಾಗಿ ಎಣಿಸಿದರು. ಅಲ್ಲಿ ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿಗೂ ನಿರ್ಬಂಧ ಇದೆ. ಡಾಕ್ಟರ ಚೀಟಿ ಇಟ್ಟಿದ್ದೆ, ಗಸಗಸೆಯನ್ನು ಊರಲ್ಲೇ ಬಿಟ್ಟಿದ್ದೆ. ಸಿಕ್ಕಿಬಿದ್ದದ್ದು ರಾಗಿಹಿಟ್ಟು. ಕಂದು ಬಣ್ಣದ ಪುಡಿ, ಆರು ಕಿಲೋ, ಹೆಸರಿಲ್ಲದ ಪ್ಲಾಸ್ಟಿಕ್ ಚೀಲ. ಒಂದು ಚಮಚ ಹಸಿ ಹಿಟ್ಟನ್ನು ಅಧಿಕಾರಿಯ ಎದುರೇ ಬಾಯಿಗೆ ಹಾಕಿಕೊಂಡೆ. ಅವನೂ ಒಂದು ಚಿಟಿಕೆ ನೆಕ್ಕಿದ, ಮುಖ ಕಿವುಚಿ ಬಿಟ್ಟುಕಳಿಸಿದ. ಹಿಟ್ಟು ಒಯ್ಯುವವರು ಅಂಗಡಿಯ ಮೊಹರಿರುವ ಪೊಟ್ಟಣವನ್ನೇ ಒಯ್ಯಿರಿ.

ಮುಯ್ನಾಕ್ ಅನ್ನುವ ಊರಿಗೆ ಹೋದೆವು. ಹಿಂದೆ ಅರಾಲ್ ಸಮುದ್ರದ ಮೀನಿನ ಬಂದರು ಅದು, ಈಗ ಮರಳಲ್ಲಿ ತುಕ್ಕು ಹಿಡಿದ ಹಡಗುಗಳು ಸಾಲಾಗಿ ನಿಂತಿವೆ. ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಸೋವಿಯತ್ ಕಾಲದಲ್ಲಿ ಹತ್ತಿಗೆ ತಿರುಗಿಸಿದರು, ಸಮುದ್ರ ನೂರಕ್ಕೂ ಹೆಚ್ಚು ಕಿಲೋಮೀಟರ್ ಹಿಂದಕ್ಕೆ ಹೋಯಿತು. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬೆಳೆದ ಕಬ್ಬಿನಿಂದ ಓದಿದವಳು ನಾನು. ಹಡಗಿನ ನೆರಳಲ್ಲಿ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ, ಗಾಡಿಯೊಳಗೇ ತಿಂದೆವು.

ಅಲ್ಲಿ ಡೀಸೆಲ್ ಸಿಗುವುದು ಕಷ್ಟ, ಕಾರುಗಳೆಲ್ಲ ಗ್ಯಾಸಿನವು. ಟ್ರ್ಯಾಕ್ಟರ್ ಇರುವ ಮನೆ ಹುಡುಕಿ, ನೀರಿನ ಬಾಟಲಿಯಲ್ಲಿ ಕೊಂಡು, ಇವರ ಹಳೆ ಪಂಚೆಯಲ್ಲಿ ಸೋಸಿ ಹಾಕಿದೆವು. ಆದರೂ ಫಿಲ್ಟರ್ ಎರಡು ಸಲ ಕಟ್ಟಿತು.

ಆಗಸ್ಟಿನಲ್ಲಿ ತಜಿಕಿಸ್ತಾನ. ದುಶಾಂಬೆಯಿಂದ ಖೊರೋಗ್‌ಗೆ ಪಂಜ್ ನದಿಯ ದಡದ ದಾರಿ. ಆಚೆ ದಡ ಅಫ್ಘಾನಿಸ್ತಾನ, ಕಲ್ಲೆಸೆದರೆ ಬೀಳುವಷ್ಟು ಹತ್ತಿರ, ಕತ್ತೆ ಹೊಡೆದುಕೊಂಡು ಹೋಗುವವನು ಕೈ ಬೀಸುತ್ತಾನೆ. ಖೊರೋಗ್ ಆದ ಮೇಲೆ ಪಾಮೀರ್. ಕಿರ್ಗಿಸ್ತಾನದ ಓಶ್‌ವರೆಗಿನ ಈ ರಸ್ತೆಯನ್ನು 1930ರ ದಶಕದಲ್ಲಿ ಸೋವಿಯತ್ತಿನವರು ಕಡಿದದ್ದು. ಎತ್ತರಕ್ಕೆ ಗಾಳಿ ಸಾಲದೆ ನಮ್ಮ ಜೀಪು ಕರಿ ಹೊಗೆ ಕಾರುತ್ತ, ಎರಡನೇ ಗೇರಿನಲ್ಲಿ ನರಳುತ್ತ ಏರಿತು. ಅಲಿಚೂರ್ ದಾಟಿದ ಮೇಲೆ ಹಿಂದುಗಡೆ ಠಣ್ ಅಂತ ಸದ್ದು, ಗಾಡಿ ಎಡಕ್ಕೆ ವಾಲಿತು.

ಇವರು ಕೆಳಗೆ ತೂರಿ ನೋಡಿ, "ಎಡಗಡೆ ಕಮಾನು. ಮೇನ್ ಪ್ಲೇಟ್ ಕಟ್ಟಾಗಿದೆ" ಅಂದರು. ಧ್ವನಿಯಲ್ಲಿ ಚಿಂತೆಗಿಂತ ಉತ್ಸಾಹ. ಜಾಕಿ ಎತ್ತಿ, ನಮ್ಮ ತರಕಾರಿ ಹೆಚ್ಚುವ ಮಣೆಯನ್ನು ಕತ್ತರಿಸಿ ಚಾಸಿಗೂ ಆಕ್ಸಲ್ಲಿಗೂ ನಡುವೆ ತುರುಕಿ, ಸಾಮಾನು ಬಿಗಿಯುವ ಪಟ್ಟಿಯಿಂದ ಸುತ್ತಿ ಎಳೆದು ಕಟ್ಟಿದರು. ನನ್ನ ಕೆಲಸ ಟಾರ್ಚ್ ಹಿಡಿಯುವುದು, ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಸೆರಗಿನ ತುದಿಯಲ್ಲಿ ಸಾಲಾಗಿ ಇಟ್ಟುಕೊಳ್ಳುವುದು. ಗಂಟೆಗೆ ಹದಿನೈದು ಕಿಲೋಮೀಟರಿನಂತೆ ಮುರ್ಗಾಬ್ ಮುಟ್ಟಿದೆವು. ಅಲ್ಲಿನ ಬಜಾರೇ ಹಳೆಯ ಕಂಟೇನರುಗಳದು. ಒಂದು ಕಂಟೇನರಿನ ವೆಲ್ಡರು ರಷ್ಯನ್ ಜೀಪಿನ ಪ್ಲೇಟೊಂದನ್ನು ಕಡಿದು, ಕಾಯಿಸಿ, ಬಡಿದು ಕೂರಿಸಿದ. ಅವನಿಗೂ ಇವರಿಗೂ ಒಂದೇ ಒಂದು ಭಾಷೆ ಬರುತ್ತಿರಲಿಲ್ಲ. ನಾಲ್ಕು ಗಂಟೆ ಹೊತ್ತು ಇಬ್ಬರೂ ಮಾತಾಡಿಕೊಂಡೇ ಇದ್ದರು. ಆ ಪ್ಲೇಟು ಈಗಲೂ ಗಾಡಿಯಲ್ಲಿದೆ.

4,655 ಮೀಟರಿನ ಅಕ್‌ಬೈತಾಲ್ ಕಣಿವೆ ದಾಟಿ ಕಾರಾಕುಲ್ ಸರೋವರದ ದಡದ ಮನೆಯೊಂದರಲ್ಲಿ ಉಳಿದೆವು. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಕುಕ್ಕರ್ ಇಟ್ಟರೆ, ಊರಲ್ಲಿ ಮೂರು ಕೂಗಿಗೆ ಬೇಯುವ ತೊಗರಿಬೇಳೆ ಐದು ಕೂಗು ಕೇಳಿತು. ಮೊದಲ ಕೂಗಿಗೆ ಮನೆಯ ಅಜ್ಜಿ ಬಾಗಿಲಾಚೆ ಓಡಿದರು. ಐದನೆಯದಕ್ಕೆ ಪಕ್ಕದಲ್ಲೇ ಕೂತು ಬೆರಳು ಮಡಿಸಿ ಎಣಿಸುತ್ತಿದ್ದರು. ಕುಕ್ಕರಿನ ರಬ್ಬರು ಎರಡು ಹೆಚ್ಚಿಗೆ ಒಯ್ಯಿರಿ, ಫ್ಯಾನ್ ಬೆಲ್ಟ್ ಇಡುವ ಡಬ್ಬಿಯಲ್ಲೇ ಇಡಿ.

ಜಗಳದ ವಿಷಯ ಎಲ್ಲರೂ ಕೇಳುತ್ತಾರೆ. ಆಡಿದೆವು. ಹತ್ತಡಿ ಗಾಡಿಯಲ್ಲಿ ಮುನಿಸಿಕೊಂಡು ಹೋಗಲು ಇನ್ನೊಂದು ಕೋಣೆ ಇರುವುದಿಲ್ಲ. ವಾರಕ್ಕೊಂದು ದಿನ ಊರೊಂದರಲ್ಲಿ ನಿಂತು, ಬೆಳಿಗ್ಗೆ ಬೇರೆಯಾಗಿ ಸಂಜೆ ಸೇರುವುದು ಅಂತ ಮಾಡಿಕೊಂಡೆವು. ಇವರು ಗ್ಯಾರೇಜು ಹುಡುಕಿಕೊಂಡು ಹೋಗುವರು, ನಾನು ಸಂತೆ. ಸಂಜೆ ಇಬ್ಬರಿಗೂ ಹೇಳಲು ಏನಾದರೂ ಇರುತ್ತಿತ್ತು.

ಕಿರ್ಗಿಸ್ತಾನದಿಂದ ಮುಂದೆ ಚೀನಾ ದಾಟಬೇಕಾದರೆ ಜೊತೆಗೆ ಗೈಡ್ ಕಡ್ಡಾಯ, ಅಲ್ಲಿನದೇ ತಾತ್ಕಾಲಿಕ ಲೈಸೆನ್ಸು, ನಂಬರ್ ಪ್ಲೇಟು. ಆ ಖರ್ಚಿನಲ್ಲಿ ನಮ್ಮ ಮೂರು ತಿಂಗಳು ಕಳೆಯುತ್ತಿತ್ತು. ಬಂದ ಕಡೆಗೇ ತಿರುಗಿ, ಜಾರ್ಜಿಯಾದ ಪೋತಿ ಬಂದರಿನಿಂದ ಗಾಡಿ ಕಳಿಸಿದೆವು. ಈ ಸಲ ಚಾಸಿ ನಂಬರನ್ನು ನಾನು ಮೂರು ಸಲ ಓದಿದೆ, ಕೊನೆಯ ಸಲ ಹಿಂದಿನಿಂದ ಮುಂದಕ್ಕೆ.

ನವೆಂಬರಿನಲ್ಲಿ ನ್ಹಾವಾ ಶೇವಾದಲ್ಲಿ ಕಾರ್ನೆಗೆ ಕೊನೆಯ ಮೊಹರು ಬಿತ್ತು. ಕೊಲ್ಹಾಪುರ ದಾಟಿ ನಿಪ್ಪಾಣಿ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಸಿಕ್ಕಿತು. ನಾನು ಅಭ್ಯಾಸಬಲದಿಂದ ಕತ್ತು ಚಾಚಿದೆ. ಕಂಡದ್ದು ರಸ್ತೆ ಪಕ್ಕದ ಜಾಲಿ ಗಿಡ.

"ಖಾಲಿ ಇದೆ ಕಣೇ, ನಂಗೇ ಕಾಣ್ತಿದೆ" ಅಂದರು ಇವರು, ಟ್ರ್ಯಾಕ್ಟರ್ ದಾಟಿಸುತ್ತ.

ಹುಬ್ಬಳ್ಳಿವರೆಗೂ ನಾನು ಮಾತಾಡಲಿಲ್ಲ. ಅಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕೀ ಕೇಳಿ ಇಸಿದುಕೊಂಡೆ.