ಅಠಾರ ಕಚೇರಿಯ ಚಿತ್ರಕ್ಕೆ ಹತ್ತೊಂಬತ್ತನೆಯ ಶತಮಾನದ ರೂಪ

ಹೊಸ ಫೋಟೊ ಹಳೆಯದರಂತೆ ಕಾಣಬೇಕೆಂದು ಬಯಸುವವರಲ್ಲಿ ಹೆಚ್ಚಿನವರು ಮೊದಲು ಅದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತಾರೆ. ಬೆಂಗಳೂರಿನ ಹಳೆಯ ಕಟ್ಟಡಗಳ ಚಿತ್ರಗಳನ್ನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತಿದ್ದುತ್ತ ಬಂದಿರುವ ನನಗೆ ಮನದಟ್ಟಾಗಿರುವುದೆಂದರೆ, ಕಂದು ಬಣ್ಣ ಕೊನೆಯ ಹಂತಕ್ಕೆ ಸೇರಿದ್ದು. ಹಳೆಯ ಕಾಲದ ಛಾಯೆ ನಿರ್ಧಾರವಾಗುವುದು ಅದಕ್ಕೂ ಮೊದಲು, ಬಣ್ಣದ ಚಿತ್ರ ಕಪ್ಪು-ಬಿಳುಪಾಗುವ ಹಂತದಲ್ಲಿ.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದ (ಕೊಲೋಡಿಯನ್ ಎಂಬ ಅಂಟುದ್ರವ ಲೇಪಿಸಿ ಚಿತ್ರ ಸೆರೆಹಿಡಿಯುವ) ಗಾಜಿನ ಫಲಕಗಳು ಮುಖ್ಯವಾಗಿ ನೀಲಿ, ನೇರಳೆ ಮತ್ತು ಅತಿನೇರಳೆ ಬೆಳಕನ್ನಷ್ಟೇ ಗ್ರಹಿಸುತ್ತಿದ್ದವು. ಆ ಕಾಲದ ಚಿತ್ರಗಳಲ್ಲಿ ಆಕಾಶವು ಮೋಡಗಳ ಸುಳಿವಿಲ್ಲದೆ ಬೆಳ್ಳಗೂ, ಕೆಂಪು ವಸ್ತುಗಳು ಹೆಚ್ಚುಕಡಿಮೆ ಕಪ್ಪಾಗಿಯೂ ಕಾಣಲು ಇದೇ ಕಾರಣ. ಇದನ್ನು ಪ್ರಯೋಗಿಸಿ ನೋಡಲು ಅಠಾರ ಕಚೇರಿಗಿಂತ ಒಳ್ಳೆಯ ವಸ್ತು ನನಗೆ ನಗರದಲ್ಲಿ ಸಿಕ್ಕಿಲ್ಲ. 1868ರಲ್ಲಿ ಪೂರ್ಣಗೊಂಡ, ಈಗ ಹೈಕೋರ್ಟ್ ನಡೆಯುತ್ತಿರುವ ಆ ಕಟ್ಟಡದ ಕೆಂಪು ಗೋಡೆ, ಕಬ್ಬನ್ ಪಾರ್ಕಿನ ಹಸಿರು ಮತ್ತು ಮೇಲಿನ ನೀಲಿ ಆಕಾಶ ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ. ಬಣ್ಣವನ್ನು ಸುಮ್ಮನೆ ತೆಗೆದುಹಾಕಿದಾಗ ಗೋಡೆ, ಮರಗಳೆರಡೂ ಒಂದೇ ಬೂದು ಬಣ್ಣಕ್ಕೆ ತಿರುಗಿ ಚಿತ್ರ ಸಪ್ಪೆಯಾಗುತ್ತದೆ. ಅದರ ಬದಲು, ಕಪ್ಪು-ಬಿಳುಪು ಚಿತ್ರದಲ್ಲಿ ಯಾವ ಬಣ್ಣದ ಪಾಲೆಷ್ಟೆಂದು ನಿರ್ಧರಿಸುವ ಮೊನೊ ಮಿಕ್ಸರ್ ತೆರೆದು ಕೆಂಪನ್ನು ಸೊನ್ನೆಗಿಳಿಸಿ, ಹಸಿರನ್ನು 0.1ಕ್ಕೂ ನೀಲಿಯನ್ನು 0.9ಕ್ಕೂ ಇಟ್ಟಾಗ ಗೋಡೆ ಗಾಢವಾಗಿ, ಆಕಾಶ ಬೆಳ್ಳಗಾಗಿ, ಗುಲ್‌ಮೊಹರ್ ಹೂಗಳು ಎಲೆಗಳ ಕಪ್ಪಿನಲ್ಲಿ ಬೆರೆತುಹೋಗುತ್ತವೆ. ಕಂದಿನ ಸೋಂಕೂ ಇಲ್ಲದ ಆ ಹಂತದಲ್ಲಿಯೇ ಚಿತ್ರಕ್ಕೆ ನೂರು ವರ್ಷ ವಯಸ್ಸಾದಂತೆ ಕಾಣುತ್ತದೆ.

ಡಿಜಿಟಲ್ ಕ್ಯಾಮೆರಾಗಳ ಸಂವೇದಕದಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಬಿಂದುಗಳು ಹಸಿರಿಗೆ ಮೀಸಲು. ನೀಲಿಗೆ ಸಿಗುವುದು ಕಾಲು ಭಾಗ ಮಾತ್ರ. ಹೀಗಾಗಿ ನಾವು ಇಲ್ಲಿ ಹೆಚ್ಚು ನೆಚ್ಚುವ ನೀಲಿ ಚಾನೆಲ್ಲಿನಲ್ಲಿ (ಚಿತ್ರದ ನೀಲಿ ಬೆಳಕಿನ ಪದರದಲ್ಲಿ) ನಾಯ್ಸ್, ಅಂದರೆ ಬೇಡದ ಚುಕ್ಕೆಗಳು, ಹೆಚ್ಚು. ಈ ಕೆಲಸಕ್ಕಾಗಿ ನಾನು ಕಡಿಮೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಇಟ್ಟು, ಸಂವೇದಕದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿಯೇ ಚಿತ್ರ ತೆಗೆಯುತ್ತೇನೆ.

ಇನ್ನು ಕಂದು ಬಣ್ಣದ ವಿಷಯ. 1850ರಲ್ಲಿ ಬ್ಲಾಂಕಾರ್ ಎವ್ರಾರ್ ಪರಿಚಯಿಸಿದ ಆಲ್ಬುಮೆನ್ ಕಾಗದಕ್ಕೆ ಮೊಟ್ಟೆಯ ಬಿಳಿಭಾಗದ ಲೇಪನವಿರುತ್ತಿತ್ತು. ವಯಸ್ಸಾದಂತೆ ಆ ಲೇಪನ ಹಳದಿಗಟ್ಟುವುದರಿಂದ ಮುಪ್ಪು ಮೊದಲು ಎದ್ದು ತೋರುವುದು ಬಿಳಿಯ ಜಾಗಗಳಲ್ಲಿ. ಕಪ್ಪು ಜಾಗಗಳಾದರೋ ಕೆಂಗಂದು ಇಲ್ಲವೆ ನೇರಳೆಗಂದು ಛಾಯೆಯಲ್ಲಿ ಉಳಿಯುತ್ತವೆ. ತಂತ್ರಾಂಶದ ಸಿದ್ಧ ಸೆಪಿಯಾ (ಕಂದು ಛಾಯೆ) ಆಯ್ಕೆ ಈ ಭೇದವನ್ನು ಗಮನಿಸದೆ ಎಲ್ಲಕ್ಕೂ ಒಂದೇ ಬಣ್ಣ ಕೊಡುವುದರಿಂದ ನಾನು ಅದನ್ನು ಬಳಸುವುದಿಲ್ಲ. ಪ್ರತಿ ಬಣ್ಣದ ಮಟ್ಟವನ್ನು 0ಯಿಂದ 255ರ ಅಳತೆಯಲ್ಲಿ ಗೆರೆಯೆಳೆದು ಹೊಂದಿಸುವ ಕರ್ವ್ಸ್‌ನಲ್ಲಿ ನೀಲಿಯ ಮೇಲ್ತುದಿಯನ್ನು 255ರಿಂದ 205ರ ಆಸುಪಾಸಿಗೆ ಇಳಿಸಿದರೆ ಬೆಳಕಿನ ಭಾಗ ಹಳದಿಗೆ ತಿರುಗುತ್ತದೆ. ಕೆಂಪಿನ ಕೆಳತುದಿಯನ್ನು 40ರವರೆಗೆ ಎತ್ತಿದರೆ ನೆರಳಿನ ಭಾಗ ಕಂದಾಗುತ್ತದೆ. ಚಿತ್ರದಿಂದ ಚಿತ್ರಕ್ಕೆ ಈ ಅಂಕಿಗಳು ಬದಲಾಗುತ್ತವೆ.

ಹಳೆಯದರಂತೆ ಕಾಣಲೆಂದು ಗ್ರೇನ್, ಅಂದರೆ ಸಣ್ಣ ಕಾಳಿನಂಥ ಚುಕ್ಕೆಗಳನ್ನು, ಸೇರಿಸುವ ಬಗ್ಗೆ ನನಗೆ ಬಲವಾದ ಆಕ್ಷೇಪವಿದೆ. ಆಲ್ಬುಮೆನ್ ಚಿತ್ರಗಳನ್ನು ದೊಡ್ಡ ಗಾಜಿನ ಫಲಕವನ್ನು ಕಾಗದಕ್ಕೆ ನೇರವಾಗಿ ಒತ್ತಿ, ಬಿಸಿಲಿನಲ್ಲಿಟ್ಟು ಮುದ್ರಿಸುತ್ತಿದ್ದರು. ಅವುಗಳಲ್ಲಿ ಕಣ್ಣಿಗೆ ಬೀಳುವಂಥ ಗ್ರೇನ್ ಇರುವುದಿಲ್ಲ. ಅದು ಚಿಕ್ಕ ಫಿಲ್ಮನ್ನು ಹಿಗ್ಗಿಸಿ ಮುದ್ರಿಸುವ ಕಾಲದ ಗುರುತು. ಗ್ರೇನ್ ಬದಲು ಅಂಚುಗಳನ್ನು ಲೇಯರ್ ಮಾಸ್ಕ್ (ಪರಿಣಾಮ ಎಲ್ಲೆಲ್ಲಿ ತೋರಬೇಕೆಂದು ಗುರುತಿಸುವ ಮುಸುಕು) ಮೂಲಕ ಮೆಲ್ಲಗೆ ಮಸುಕುಗೊಳಿಸಿ, ತುಸು ಮಂಕಾಗಿಸುವುದು ಹೆಚ್ಚು ನಿಜವೆನಿಸುತ್ತದೆ, ಏಕೆಂದರೆ ಗಾಳಿ ಮತ್ತು ತೇವ ಚಿತ್ರದೊಳಗೆ ನುಸುಳುವುದು ಹೆಚ್ಚಾಗಿ ಅಂಚಿನಿಂದಲೇ.

ಸ್ಟುಡಿಯೋಗಳಲ್ಲಿ ಕೈಯಿಂದ ಬಣ್ಣ ತುಂಬುತ್ತಿದ್ದ ಚಿತ್ರಗಳ ಸೊಗಸು ಬೇಕೆನಿಸಿದಾಗ ಹೊಸ ಲೇಯರ್ (ಪದರ) ತೆರೆದು, ಅದು ಕೆಳಗಿನ ಚಿತ್ರದೊಂದಿಗೆ ಬೆರೆಯುವ ಬಗೆಯನ್ನು (ಮೋಡ್) ಕಲರ್ ಎಂದಿಟ್ಟು, ಅಪಾರದರ್ಶಕತೆಯನ್ನು ಶೇ 30ಕ್ಕಿಳಿಸಿ, ಸೀರೆಯ ಅಂಚಿಗೋ ಹೂವಿಗೋ ಮಾತ್ರ ಬಣ್ಣ ಹಚ್ಚುತ್ತೇನೆ. ಸಿದ್ಧವಾದ ಪ್ರತಿಯ ಕೆಳಮೂಲೆಯಲ್ಲಿ ಚಿತ್ರ ತೆಗೆದ ನಿಜವಾದ ವರ್ಷವನ್ನು ತಪ್ಪದೆ ಬರೆಯುತ್ತೇನೆ. ಹಳೆಯ ಬೆಂಗಳೂರಿನ ಅಸಲಿ ಚಿತ್ರಗಳ ನಡುವೆ ನನ್ನದೊಂದು ಸೇರಿಹೋಗಿ, ಮುಂದೆ ಯಾರೋ ಅದನ್ನು ದಾಖಲೆಯೆಂದು ನಂಬುವಂತಾಗಬಾರದು.