ಮನವಿ ಬರೆಯುವ ಮೊದಲು ಗೆಜೆಟ್ ಓದಿದೆವು

ಧಾರವಾಡದ ಹತ್ತಿರ ನನ್ನದೊಂದು ಸಣ್ಣ ಘಟಕ ಇದೆ. ಹ್ಯೂಮಿಕ್ ಆಮ್ಲ, ಕಡಲಪಾಚಿ ಸಾರ ತಯಾರಿಸುತ್ತೇವೆ. ಗಿಡದ ಬೆಳವಣಿಗೆಗೆ ನೆರವಾಗುವ ಇವು ಸರ್ಕಾರಿ ಕಾಗದದಲ್ಲಿ ಜೈವಿಕ ಉತ್ತೇಜಕಗಳು. ಗೊಬ್ಬರದ ಅಂಗಡಿಯಲ್ಲಿ ಬರೀ ಟಾನಿಕ್. ಬಹಳ ವರ್ಷ ಇವುಗಳಿಗೆ ನೇರವಾದ ಕಾನೂನೇ ಇರಲಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 1985ರ ರಸಗೊಬ್ಬರ ನಿಯಂತ್ರಣ ಆದೇಶವನ್ನು ತಿದ್ದಿ ಇವನ್ನೂ ಒಳಗೆ ಸೇರಿಸಿತು.

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಸಣ್ಣ ತಯಾರಕರಿಗೆಲ್ಲ ಗಾಬರಿ. ಎಲ್ಲರೂ ಸೇರಿದಾಗ "ಆದೇಶನ ವಾಪಸ್ ತಗೋರಿ ಅಂತ ಕೇಳೂಣ್ರಿ" ಅಂದವರೇ ಜಾಸ್ತಿ. ನಾನು ಒಪ್ಪಲಿಲ್ಲ. ಟಾನಿಕ್ ಡಬ್ಬಿಯಲ್ಲಿ ರಾಸಾಯನಿಕ ಕೀಟನಾಶಕ ಬೆರೆಸಿ ಮಾರುವವರು ಇದ್ದಾರೆ. ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನ ಗಿಡಕ್ಕೆ ರಸ ಹೀರುವ ಥ್ರಿಪ್ಸ್ ಕೀಟ ಬಿದ್ದಾಗ ರೈತರು ಸಿಕ್ಕಿದ್ದನ್ನೆಲ್ಲ ಹೊಡೆದು ದುಡ್ಡು ಕಳೆದುಕೊಂಡರು. ನಿಯಮವೇ ಬೇಡ ಅಂದರೆ ನಾವೂ ಬೆರಕೆಯವರ ಸಾಲಿನಲ್ಲೇ ನಿಂತಂತೆ, ಅಲ್ವಾ? ಕಾಲಾವಕಾಶ ಕೇಳೋಣ, ಪರೀಕ್ಷೆಯ ಖರ್ಚಿಗೆ ನೆರವು ಕೇಳೋಣ ಎಂದೆ. ವಾದ ಜೋರಾಗಿಯೇ ನಡೆಯಿತು. ಕೊನೆಗೆ ಅದೇ ನಿಂತಿತು.

ಆಮೇಲೆ ಗೆಜೆಟ್ ಇಟ್ಟುಕೊಂಡು ಸಾಲು ಸಾಲಾಗಿ ಓದಿದೆವು. ಕಾಯಂ ನೋಂದಣಿ ಬೇಕಾದರೆ ಹೊಲದಲ್ಲಿ ಪ್ರಯೋಗ ಮಾಡಿಸಿ ಫಲಿತಾಂಶ ಕೊಡಬೇಕು. ಜೊತೆಗೆ ವಿಷತ್ವದ ಪರೀಕ್ಷೆಗಳು. ಒಂದೊಂದು ಉತ್ಪನ್ನಕ್ಕೂ ಬೇರೆ ಬೇರೆ. ದೊಡ್ಡ ಕಂಪನಿಗೆ ಇದು ಲೆಕ್ಕವೇ ಅಲ್ಲ. ನಮ್ಮಂಥವರಿಗೆ ವರ್ಷದ ಲಾಭವೇ ಹೋಗುತ್ತದೆ.

ಹೆಚ್ಚು ತಲೆ ತಿಂದದ್ದು ಯಾರನ್ನು ಕೇಳಬೇಕು ಅನ್ನುವುದು. ಕೆಲವರು ಸೀದಾ ಬೆಂಗಳೂರಿನ ಐಟಿ-ಬಿಟಿ ಇಲಾಖೆಗೆ ಓಡಿದರು. ಕರ್ನಾಟಕ 2001ರಲ್ಲೇ ಜೈವಿಕ ತಂತ್ರಜ್ಞಾನ ನೀತಿ ತಂದ ರಾಜ್ಯ, ಹಾಗಾಗಿ ಅವರ ಲೆಕ್ಕ ತಪ್ಪೇನಲ್ಲ. ಆದರೆ ಆ ಇಲಾಖೆ ಅನುದಾನ ಕೊಡಬಹುದು, ಹೊಸ ಉದ್ದಿಮೆ ಬೆಳೆಸುವ ಇನ್‌ಕ್ಯುಬೇಟರ್‌ಗೆ ಜಾಗ ಕೊಡಬಹುದು. ರಸಗೊಬ್ಬರ ಆದೇಶದ ಒಂದು ಅಕ್ಷರವನ್ನೂ ಮುಟ್ಟಲು ಬರುವುದಿಲ್ಲ. ಅದು ದಿಲ್ಲಿಯ ಕೃಷಿ ಸಚಿವಾಲಯದ ಕೆಲಸ. ಟ್ರೈಕೋಡರ್ಮಾ ಎಂಬ ಶಿಲೀಂಧ್ರದಂಥ ಜೈವಿಕ ಕೀಟನಾಶಕ ಮಾಡುವವರ ದಾರಿಯೇ ಬೇರೆ, ಅವರಿಗೆ 1968ರ ಕೀಟನಾಶಕ ಕಾಯ್ದೆ. ಅನುದಾನ, ರಸಗೊಬ್ಬರ ಆದೇಶ, ಕೀಟನಾಶಕ ಕಾಯ್ದೆ ಮೂರನ್ನೂ ಒಂದೇ ಮನವಿಯಲ್ಲಿ ತುಂಬಿದರೆ ಅದು ಮೇಜಿನಿಂದ ಮೇಜಿಗೆ ಸುಮ್ನೆ ತಿರುಗುತ್ತದೆ.

ಹೀಗಾಗಿ ಬೇರೆ ಬೇರೆ ಪತ್ರ ಬರೆದೆವು. ದಿಲ್ಲಿಗೆ ಹೋದದ್ದು ಒಂದೇ ಪುಟ: ಯಾವ ಕಲಮು, ಈಗ ಏನಿದೆ, ಏನಾಗಬೇಕು. ಅದಕ್ಕೆ ಲಗತ್ತಿಸಿದ್ದು ಲ್ಯಾಬ್‌ಗಳು ಕೊಟ್ಟ ದರಪಟ್ಟಿ. "ಸಣ್ಣ ಉದ್ದಿಮೆ ಮುಳುಗುತ್ತದೆ" ಅನ್ನೋ ಸಾಲನ್ನು ತೆಗೆಸಿದೆ, ದರಪಟ್ಟಿಯೇ ಸಾಕು. ಶಾಲು ಹಾರ ಹಿಡಿದು ಮಂತ್ರಿಗಳ ಜೊತೆ ಫೋಟೊ ಬೇಕು ಅಂದವರೂ ಇದ್ದರು. ಫೋಟೊ ತೆಗೆಸಿಕೊಳ್ಳಲಿ, ಬೇಡ ಅನ್ನಲಿಲ್ಲ. ನನಗೆ ಬೇಕಿದ್ದದ್ದು ಟಪಾಲು ವಿಭಾಗದ ಇನ್‌ವರ್ಡ್ ನಂಬರ್. ಅದಿದ್ದರೆ ಮುಂದಿನ ಫೋನಿನಲ್ಲಿ ಹೇಳಲು ಏನಾದರೂ ಇರುತ್ತದೆ.

ಕಾಯಂ ನೋಂದಣಿ ಸಿಗುವ ತನಕ ಮಾರಲು ಕೊಟ್ಟಿದ್ದ ತಾತ್ಕಾಲಿಕ ನೋಂದಣಿಯ ಗಡುವು ಮುಂದೆ ಒಂದಲ್ಲ ಹಲವು ಸಲ ವಿಸ್ತರಣೆಯಾಯಿತು. ನಮ್ಮ ಪತ್ರದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ದೇಶದ ಎಲ್ಲ ಕಡೆಯಿಂದಲೂ ಒತ್ತಡ ಇತ್ತು.

ರಾಜ್ಯಕ್ಕೆ ಕೊಟ್ಟ ಪತ್ರದಲ್ಲಿ ಕೇಳಿದ್ದು ಸಣ್ಣ ಘಟಕಗಳ ಪ್ರಯೋಗದ ಶುಲ್ಕದಲ್ಲಿ ಅರ್ಧ ಪಾಲು. ಅದಿನ್ನೂ ಬಂದಿಲ್ಲ. ಅಲ್ಲಿಯತನಕ ಕೃಷಿ ವಿಶ್ವವಿದ್ಯಾಲಯದಲ್ಲಿ ಪೂರ್ತಿ ಶುಲ್ಕ ಕಟ್ಟಿಯೇ ಪ್ರಯೋಗ ಮಾಡಿಸುತ್ತಿದ್ದೇವೆ. ಮುಂಗಾರಿಗೆ ಪ್ಲಾಟ್ ಬೇಕಿದ್ದರೆ ಯುಗಾದಿಗೆ ಮೊದಲೇ ಅರ್ಜಿ ಹಾಕಿ. ಬಿತ್ತನೆ ಹೊತ್ತಿಗೆ ಹೋದರೆ ಹಿಂಗಾರಿಗೆ ಬನ್ನಿ ಅನ್ನುತ್ತಾರೆ.