ಬೆಟ್ಟ ಹತ್ತುವ ಮೊದಲು ಗಂಟೆ ಲೆಕ್ಕ ಹಾಕಿ

ಬೆಟ್ಟದೂರಿಗೆ ರಜೆಗೆ ಹೋದವರು ದಾರಿ ಆರಿಸುವುದು ಸಾಮಾನ್ಯವಾಗಿ ಹೀಗೆ. ಫಲಕದಲ್ಲಿ ‘ತುದಿಗೆ 6 ಕಿ.ಮೀ.’ ಅಂತ ಇರುತ್ತದೆ. ಆರೇ ತಾನೆ, ಒಂದೂವರೆ ಗಂಟೆ ಸಾಕು ಅಂದುಕೊಂಡು, ತಿಂಡಿ ಮುಗಿಸಿ ಹತ್ತು ಗಂಟೆಗೆ ನಿಧಾನವಾಗಿ ಹೊರಡುತ್ತಾರೆ. ಮಧ್ಯಾಹ್ನವಾದರೂ ತುದಿ ಸಿಗುವುದಿಲ್ಲ. ನೀರು ಖಾಲಿ, ಮೇಲೆ ಮೋಡ ಕಟ್ಟುತ್ತಿರುತ್ತದೆ, ಇಳಿಯುವ ದಾರಿ ಇನ್ನೂ ಪೂರ್ತಿ ಬಾಕಿ. ಇವರು ದೂರ ನೋಡಿದರು, ಏರು ನೋಡಲಿಲ್ಲ. ಚಾರಣದ ತಯಾರಿಯಲ್ಲಿ ಮೊದಲು ಕಲಿಯಬೇಕಾದದ್ದು ಈ ಏರಿನ ಲೆಕ್ಕವನ್ನೇ.

ಲೆಕ್ಕ ಹಾಕುವುದು ಹೇಗೆ?

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಇವತ್ತಿಗೂ ಚಾರಣಿಗರು ಅದನ್ನೇ ಬಳಸುತ್ತಾರೆ. ಮೀಟರ್ ಲೆಕ್ಕದಲ್ಲಿ ಅದು ಹೀಗಿದೆ: ಪ್ರತಿ 5 ಕಿ.ಮೀ. ದೂರಕ್ಕೆ ಒಂದು ಗಂಟೆ, ಅದರ ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ಆ ಆರು ಕಿಲೋಮೀಟರ್ ದಾರಿಯನ್ನೇ ತೆಗೆದುಕೊಳ್ಳೋಣ. ಏರು 900 ಮೀಟರ್ ಇದೆ ಅಂದುಕೊಳ್ಳಿ. ದೂರಕ್ಕೆ 1 ಗಂಟೆ 12 ನಿಮಿಷ, ಏರಿಗೆ ಒಂದೂವರೆ ಗಂಟೆ. ಹತ್ತುವುದಕ್ಕೇ 2 ಗಂಟೆ 42 ನಿಮಿಷ ಆಯಿತು. ಇದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದರೆ ಮಾತ್ರ. ಹೊಸಬರು, ಮಕ್ಕಳು ಇದ್ದರೆ ಅರ್ಧದಷ್ಟು ಜಾಸ್ತಿ ಸೇರಿಸಿ. ಇಳಿಯುವಾಗ ಓಡಿಬಿಡಬಹುದು ಅನ್ನಿಸುತ್ತದೆ ಅಲ್ವಾ? ಕಡಿದಾದ ಕಲ್ಲುದಾರಿಯಲ್ಲಿ ಅದು ಆಗುವ ಮಾತಲ್ಲ. ಅಂಥ ಕಡೆ ಇಳಿಯುವುದಕ್ಕೂ ಹತ್ತಿದಷ್ಟೇ ಹೊತ್ತು ಇಟ್ಟುಕೊಳ್ಳುವುದು ಒಳ್ಳೆಯದು. ವಿಶ್ರಾಂತಿ, ಊಟ, ಫೋಟೊ ಎಲ್ಲ ಸೇರಿದರೆ ಇಡೀ ದಿನದ ಕೆಲಸ.

ಏರು ಎಷ್ಟು ಅಂತ ತಿಳಿಯಲು ಕಾಂಟೂರ್ ಗೆರೆಗಳಿರುವ ನಕ್ಷೆ ನೋಡಿ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಿವು. ಎರಡು ಗೆರೆಗಳ ನಡುವೆ ಎಷ್ಟು ಮೀಟರ್ ಅಂತ ನಕ್ಷೆಯ ಮೂಲೆಯಲ್ಲಿ ಬರೆದಿರುತ್ತದೆ. ಅದು 20 ಮೀಟರ್ ಆಗಿದ್ದು, ನಿಮ್ಮ ದಾರಿ ಮೇಲಕ್ಕೆ ಹೋಗುತ್ತಾ ಹತ್ತು ಗೆರೆ ದಾಟಿದರೆ 200 ಮೀಟರ್ ಏರಿದಿರಿ ಅಂತ ಅರ್ಥ. ಗೆರೆಗಳು ಒತ್ತೊತ್ತಾಗಿದ್ದ ಕಡೆ ದಾರಿ ಕಡಿದು. ನಡುವೆ ಇಳಿದು ಮತ್ತೆ ಹತ್ತುವ ದಾರಿಯಾದರೆ ಪ್ರತಿ ಏರನ್ನೂ ಕೂಡಿಸಬೇಕು. ಊರಿನ ಎತ್ತರವನ್ನು ತುದಿಯ ಎತ್ತರದಿಂದ ಸುಮ್ನೆ ಕಳೆದರೆ ಲೆಕ್ಕ ತಪ್ಪುತ್ತದೆ.

ವಾಪಸ್ ತಿರುಗುವ ಹೊತ್ತು ಮೊದಲೇ ಗೊತ್ತಿರಲಿ

ಕತ್ತಲಾಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲು ಊರಲ್ಲಿರಬೇಕು ಅಂತ ಇಟ್ಟುಕೊಳ್ಳಿ. ಅದರಿಂದ ಇಳಿಯುವ ಸಮಯ ಕಳೆಯಿರಿ. ಬಂದ ಉತ್ತರವೇ ವಾಪಸ್ ತಿರುಗುವ ಹೊತ್ತು. ಆ ಹೊತ್ತಿಗೆ ತುದಿ ಕಣ್ಣೆದುರೇ ಇದ್ದರೂ ತಿರುಗಬೇಕು. ಇದನ್ನು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು. ಮೇಲೆ ಹೋದಮೇಲೆ ‘ಇನ್ನೊಂದು ಹತ್ತು ನಿಮಿಷ’ ಅನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ದಾರಿಯಲ್ಲಿ ಬೆಳಕು ಎಷ್ಟು ಉಳಿದಿದೆ ಅಂತ ನೋಡಲು ಕೈ ಪೂರ್ತಿ ಚಾಚಿ, ಸೂರ್ಯನಿಗೂ ದಿಗಂತಕ್ಕೂ ನಡುವೆ ಬೆರಳುಗಳನ್ನು ಅಡ್ಡ ಹಿಡಿಯಿರಿ. ಒಂದು ಬೆರಳಿಗೆ ಸುಮಾರು 15 ನಿಮಿಷ, ನಾಲ್ಕು ಬೆರಳಿಗೆ ಒಂದು ಗಂಟೆ. ಕಣಿವೆಯಲ್ಲಿದ್ದರೆ ಎದುರಿನ ಗುಡ್ಡದ ಅಂಚಿನವರೆಗೆ ಅಳೆಯಿರಿ. ಅಲ್ಲಿ ಸೂರ್ಯ ಮರೆಯಾಗುವುದು ಬೇಗ.

ಮೋಡ, ಗುಡುಗು, ಚಳಿ

ಬೇಸಿಗೆಯಲ್ಲಿ ಬೆಟ್ಟಗಳ ಮೇಲೆ ಗುಡುಗು ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ. ಬೆಳಗಿನ ಬಿಸಿಲಿಗೆ ಕಾದ ಗಾಳಿ ಇಳಿಜಾರಿನ ಮೇಲಕ್ಕೇರಿ ಮೋಡವಾಗುತ್ತದೆ. ಬೆಳಿಗ್ಗೆ ಬೇಗ ಹೊರಡಿ ಅನ್ನುವುದು ಅದಕ್ಕೇ. ಮಿಂಚು ಕಂಡಮೇಲೆ ಸೆಕೆಂಡು ಎಣಿಸಿ. ಗುಡುಗು 30 ಸೆಕೆಂಡಿನ ಒಳಗೆ ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ತಕ್ಷಣ ತುದಿ, ಬಯಲು, ಒಂಟಿ ಮರ ಬಿಟ್ಟು ಕೆಳಗಿಳಿಯಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಎತ್ತರ 1,000 ಮೀಟರ್ ಹೆಚ್ಚಿದಂತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಬಿಸಿ ಕಡಿಮೆಯಾಗುತ್ತದೆ. ಊರಲ್ಲಿ ಹಿತವಾಗಿದೆ ಅಂತ ಬೆಚ್ಚನೆಯ ಬಟ್ಟೆ ಬಿಟ್ಟು ಹೋಗಬೇಡಿ. ಹತ್ತಿಯ ಅಂಗಿ ಬೆವರಿಗೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಎಳೆಯುತ್ತದೆ. ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ ಒಳ್ಳೆಯದು. 2,500 ಮೀಟರಿಗಿಂತ ಮೇಲೆ ಹೋದಾಗ ತಲೆನೋವು, ವಾಕರಿಕೆ ಶುರುವಾದರೆ ಮುಂದೆ ಹತ್ತಬೇಡಿ. ಜಾಸ್ತಿಯಾದರೆ ಇಳಿಯುವುದೇ ಮದ್ದು.

ಚೀಲ ಮತ್ತು ಶೂ

ಗಂಟೆಗೆ ಅರ್ಧ ಲೀಟರಿನಂತೆ ನೀರು, ತಿನ್ನಲು ಏನಾದರೂ, ಮಳೆಯಂಗಿ, ಟಾರ್ಚ್, ಸೀಟಿ, ಬ್ಯಾಂಡೇಜ್. ಫೋನಿನಲ್ಲಿ ನಕ್ಷೆ ಡೌನ್‌ಲೋಡ್ ಮಾಡಿಕೊಂಡಿದ್ದರೆ ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಆದ್ದರಿಂದ ಫೋನನ್ನು ಒಳಜೇಬಿನಲ್ಲಿಡಿ.

ಹೊಸ ಶೂ ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗಬೇಡಿ. ಊರಲ್ಲೇ ಕೆಲವು ದಿನ ಹಾಕಿ ಪಳಗಿಸಿ. ಪಾದದಲ್ಲಿ ಎಲ್ಲೋ ಉರಿ ಅನ್ನಿಸಿದ ಕೂಡಲೇ ನಿಂತು ಅಲ್ಲಿಗೆ ಟೇಪ್ ಅಂಟಿಸಿ. ಬೊಬ್ಬೆ ಎದ್ದಮೇಲೆ ಅಂಟಿಸಿದರೆ ತಡವಾಯಿತು. ಇಳಿಯುವ ಮುಂಚೆ ಒಂದು ಕಲ್ಲಿನ ಮೇಲೆ ಕೂತು ಲೇಸ್ ಬಿಚ್ಚಿ. ಹಿಮ್ಮಡಿಯನ್ನು ನೆಲಕ್ಕೆ ಒಂದೆರಡು ಸಲ ಕುಟ್ಟಿ, ಪಾದ ಶೂ ಒಳಗೆ ಹಿಂದಕ್ಕೆ ಸರಿದು ಕೂರಲಿ. ಪಾದ ಬಾಗುವ ಜಾಗದಲ್ಲಿ ಲೇಸಿನ ಎರಡು ಎಳೆಗಳನ್ನು ಒಂದಕ್ಕೊಂದು ಎರಡು ಸುತ್ತು ಸುತ್ತಿ ಬಿಗಿಯಾಗಿ ಎಳೆದು, ಮೇಲಕ್ಕೆ ಕಟ್ಟಿ. ಹೀಗೆ ಮಾಡಿದರೆ ಬೆರಳುಗಳು ಮುಂದಕ್ಕೆ ಹೋಗಿ ಗುದ್ದುವುದಿಲ್ಲ. ಚಾರಣದ ಮರುದಿನ ಉಗುರು ಕಪ್ಪಾಗುವುದು ಆ ಗುದ್ದಿನಿಂದಲೇ.

ದಾರಿಯಲ್ಲಿ

ಗುರುತುಗಳ ಅರ್ಥವನ್ನು ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ಸ್ವಿಟ್ಜರ್ಲೆಂಡಿನಲ್ಲಿ ಹಳದಿ ಅಂದರೆ ಸಾಮಾನ್ಯ ಕಾಲುದಾರಿ, ಬಿಳಿ-ಕೆಂಪು-ಬಿಳಿ ಅಂದರೆ ಕಷ್ಟದ ಬೆಟ್ಟದಾರಿ, ಬಿಳಿ-ನೀಲಿ-ಬಿಳಿ ಅಂದರೆ ಅನುಭವಿಗಳಿಗೆ ಮಾತ್ರ. ಅಲ್ಲಿನ ಫಲಕಗಳಲ್ಲಿ ದೂರದ ಬದಲು ನಡೆಯುವ ಹೊತ್ತನ್ನೇ ಬರೆದಿರುತ್ತಾರೆ, ವಿಶ್ರಾಂತಿಯ ಸಮಯ ಬಿಟ್ಟು. ಎಲ್ಲ ಕಡೆಯೂ ಹೀಗೇ ಬರೆದರೆ ಎಷ್ಟು ಚೆನ್ನ!

ಅಂಕುಡೊಂಕು ತಿರುವುಗಳನ್ನು ಬಿಟ್ಟು ನೆಟ್ಟಗೆ ಅಡ್ಡದಾರಿ ಹಿಡಿಯಬೇಡಿ. ನಾಲ್ಕು ಜನ ಇಳಿದ ಕಡೆ ಹುಲ್ಲು ಸಾಯುತ್ತದೆ. ಮಳೆ ನೀರು ಅದೇ ಗೀರು ಹಿಡಿದು ಹರಿಯುತ್ತದೆ, ಮಣ್ಣು ಕೊಚ್ಚುತ್ತದೆ, ಕೊನೆಗೆ ಕೆಳಗಿನ ತಿರುವೂ ಕುಸಿಯುತ್ತದೆ. ಎದುರು ಬಂದವರು ಹತ್ತುತ್ತಿದ್ದರೆ ಅವರಿಗೆ ದಾರಿ ಬಿಡಿ. ಹತ್ತುವವರ ಲಯ ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ.

ದಾರಿ ತಪ್ಪಿದರೆ ಅಥವಾ ಪೆಟ್ಟಾದರೆ ಸೀಟಿ ತೆಗೆಯಿರಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿರಿ, ಮತ್ತೆ ಊದಿ. ರಾತ್ರಿಯಾದರೆ ಟಾರ್ಚಿನಿಂದಲೂ ಇದೇ ಸಂಕೇತ. ಇದು 1894ರಿಂದ ಬಳಕೆಯಲ್ಲಿರುವ ಆಲ್ಪ್ಸ್ ಪರ್ವತಗಳ ಅಪಾಯದ ಸಂಕೇತ. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ. ಇದ್ದ ಕಡೆಯೇ ಇರಿ.

ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಊರಲ್ಲಿ ಒಬ್ಬರಿಗೆ ಹೇಳಿಯೇ ಹೊರಡಬೇಕು. ಇಳಿದ ಕೂಡಲೇ ‘ಬಂದೆವು’ ಅಂತ ಅವರಿಗೆ ತಿಳಿಸಿ, ಮರೆತರೆ ನಿಮ್ಮನ್ನು ಹುಡುಕಲು ಜನ ಹೊರಟಿರುತ್ತಾರೆ. ಆಮೇಲೆ ಲೆಕ್ಕ ಹಾಕಿದ ಸಮಯ, ನಿಜವಾಗಿ ಹಿಡಿದ ಸಮಯ ಎರಡನ್ನೂ ಒಂದು ಕಡೆ ಬರೆದಿಡಿ. ನೈಸ್ಮಿತ್ ಲೆಕ್ಕಕ್ಕೆ ನೀವು ಎಷ್ಟು ಸೇರಿಸಬೇಕು ಅನ್ನುವುದು ಆ ಎರಡು ಅಂಕಿಗಳಲ್ಲಿ ಸಿಗುತ್ತದೆ. ಮುಂದಿನ ಬೆಟ್ಟಕ್ಕೆ ಅದನ್ನು ಹಿಡಿದೇ ಸಮಯ ಗೊತ್ತುಮಾಡಿ.